ಹಾಕಿಪಟು ಎಸ್. ವಿ. ಸುನಿಲ್

ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿ ಕೊಡ್ಲಿಪೇಟೆ ಎಂಬ ಪುಟ್ಟ ಪಟ್ಟಣವಿದೆ. ಹಾಸನ ಜಿಲ್ಲೆಯ ಕಡೆಯಿಂದ ಬರುವವರಿಗೆ ಕೊಡಗಿನ ಬಾಗಿಲು ಅದು. ಅಲ್ಲಿಂದ ದಕ್ಷಿಣಕ್ಕೆ ಸಾಗಿದರೆ ಶನಿವಾರಸಂತೆ. ಅದನ್ನು ದಾಟಿ ಮುಂದೆ ನಡೆದರೆ ತಾಲ್ಲೂಕಿನ ಕೇಂದ್ರವಾದ ಸೋಮವಾರಪೇಟೆ. ಭತ್ತದ ಗದ್ದೆಗಳು, ಕಾಫಿಯ ತೋಟಗಳು, ಮರಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು, ದೂರದಲ್ಲಿ ಮೋಡದ ಮುಸುಕು ಹೊದ್ದ ಪುಷ್ಪಗಿರಿಯ ಸಾಲು—ಇವು ಈ ಸೀಮೆಯ ಸಹಜ ಸಂಪತ್ತು. ಮುಂಗಾರು ಇಲ್ಲಿ ತಿಂಗಳುಗಟ್ಟಲೆ ಸುರಿಯುತ್ತದೆ. ಮಳೆ ನಿಂತು ನೆಲ ಒಣಗಿತೆಂದರೆ ಶಾಲೆಯ ಬಯಲಾಗಲಿ, ಕೊಯ್ಲು ಮುಗಿದ ಗದ್ದೆಯಾಗಲಿ, ಮಕ್ಕಳಿಗೆ ಆಟದ ಅಂಗಣವಾಗುತ್ತದೆ.

ಕೊಡಗಿನಲ್ಲಿ ಆಟವೆಂದರೆ ಮೊದಲು ನೆನಪಾಗುವುದು ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಉತ್ಸವವೊಂದನ್ನು ಆರಂಭಿಸಿದರು. ಮೊದಲ ವರ್ಷ ಅದರಲ್ಲಿ ಪಾಲ್ಗೊಂಡ ಕುಟುಂಬಗಳು 60. ಮುಂದೆ ಆ ಸಂಖ್ಯೆ ನೂರುಗಳನ್ನು ದಾಟಿ ಬೆಳೆಯಿತು. ಅಜ್ಜ, ಮಗ, ಮೊಮ್ಮಗ ಒಂದೇ ತಂಡದಲ್ಲಿ ನಿಂತು ಆಡುವ ದೃಶ್ಯ ಬೇರೆಡೆ ಅಪರೂಪ. ಅಲ್ಲಿ ಅದು ಸಾಮಾನ್ಯ. ಆದರೆ ಹಾಕಿಯ ಮೇಲಿನ ಒಲವು ಯಾವುದೋ ಒಂದು ಜನಾಂಗಕ್ಕೆ ಮಾತ್ರ ಸೀಮಿತವಾದುದಲ್ಲ. ಜಿಲ್ಲೆಯ ಎಲ್ಲ ಸಮುದಾಯಗಳ ಮಕ್ಕಳೂ ಈ ಆಟವನ್ನು ತಮ್ಮದಾಗಿಸಿಕೊಂಡಿದ್ದಾರೆ.

ಈ ಮಣ್ಣಿನಿಂದ ರಾಷ್ಟ್ರದ ತಂಡಕ್ಕೆ ಹೋದ ಆಟಗಾರರ ಪರಂಪರೆ ದೀರ್ಘವಾದುದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಆಡಿದ ಎಂ. ಪಿ. ಗಣೇಶ್ ಅವರು ಮರುವರ್ಷದ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದರು. ಸೋಮವಾರಪೇಟೆಯ ಬಿ. ಪಿ. ಗೋವಿಂದ ಅವರು 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದ ಸದಸ್ಯರು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿ ಎಂ. ಎಂ. ಸೋಮಯ್ಯ ಅವರಿದ್ದರು. ಸೋಮವಾರಪೇಟೆಯವರೇ ಆದ ಅರ್ಜುನ್ ಹಾಲಪ್ಪ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿ, ಮುಂದೆ ಭಾರತದ ನಾಯಕತ್ವವನ್ನೂ ವಹಿಸಿದರು. ಇದೇ ಪರಂಪರೆಯಲ್ಲಿ ಬೆಳೆದು, ಹದಿನಾಲ್ಕು ವರ್ಷಗಳ ಕಾಲ ಭಾರತದ ಮುಂಚೂಣಿಯಲ್ಲಿ ಓಡಿದ ಆಟಗಾರ ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಹಾಕಿ ಲೋಕಕ್ಕೆ ಅವರು ಎಸ್. ವಿ. ಸುನಿಲ್ ಎಂದೇ ಪರಿಚಿತರು.

ಸುನಿಲ್ ಅವರು ಹುಟ್ಟಿದ್ದು 1989ರ ಮೇ 6ರಂದು. ಕೈಕಸುಬನ್ನು ನೆಚ್ಚಿ ಬಾಳುತ್ತಿದ್ದ ಸಾಧಾರಣ ಕುಟುಂಬ ಅವರದು. ಬೆಲೆಬಾಳುವ ಹಾಕಿ ಕೋಲನ್ನು ಕೊಂಡು ತರುವ ಅನುಕೂಲ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಬಿದಿರಿನ ಕೋಲನ್ನೇ ಹಾಕಿ ಕೋಲೆಂದು ಭಾವಿಸಿ ಬಾಲಕ ಸುನಿಲ್ ಆಟಕ್ಕೆ ತೊಡಗಿದರು. ಸಾಧನದ ಕೊರತೆ ಸಾಧನೆಗೆ ಅಡ್ಡಿಯಾಗಲಿಲ್ಲ. ಏರುತಗ್ಗಿನ ನೆಲದಲ್ಲಿ ಓಡಿ ಬೆಳೆದವರ ಕಾಲಿಗೆ ಬರುವ ಚುರುಕು ಅವರಿಗೆ ಎಳವೆಯಲ್ಲಿಯೇ ಕೈಹಿಡಿಯಿತು. ಮುಂದೆ ಅವರ ಹೆಸರಿನೊಡನೆ ಬಿಡಿಸಲಾಗದಂತೆ ಬೆಸೆದುಕೊಂಡ ಗುಣವೂ ಅದೇ—ವೇಗ.

ಹಾಕಿಯಲ್ಲಿ ವೇಗಕ್ಕೆ ಏಕೆ ಇಷ್ಟು ಬೆಲೆ ಎಂಬುದನ್ನು ತಿಳಿಯಬೇಕಾದರೆ ಆಟದ ರೀತಿಯನ್ನು ಸ್ವಲ್ಪ ಅರಿಯಬೇಕು. ಹಾಕಿ ಅಂಗಣದ ಉದ್ದ 91.4 ಮೀಟರು, ಅಗಲ 55 ಮೀಟರು. ಒಂದು ತಂಡದಲ್ಲಿ ಹನ್ನೊಂದು ಆಟಗಾರರು. ಎರಡು ತುದಿಗಳಲ್ಲಿ ಗೋಲಿನ ಕಂಬಗಳು. ಅವುಗಳ ಮುಂದೆ ಬಿಲ್ಲಿನಾಕಾರದ ಒಂದು ಗೆರೆ. ಈ ಗೆರೆಯ ಒಳಗಿನ ಪ್ರದೇಶವನ್ನು ವೃತ್ತವೆಂದು ಕರೆಯುತ್ತಾರೆ. ದಾಳಿ ಮಾಡುವ ತಂಡದ ಆಟಗಾರನ ಕೋಲು ವೃತ್ತದ ಒಳಗೆ ಚೆಂಡನ್ನು ತಾಗಿದ್ದರೆ ಮಾತ್ರ ಗೋಲು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಎದುರಾಳಿಯ ವೃತ್ತವನ್ನು ಹೊಕ್ಕುವುದೇ ದಾಳಿಯ ಅರ್ಧ ಕಾರ್ಯ. ಅಲ್ಲಿ ರಕ್ಷಣಾ ಆಟಗಾರರು ಕೋಟೆಯ ಗೋಡೆಯಂತೆ ನಿಂತಿರುತ್ತಾರೆ. ಆ ಗೋಡೆಯಲ್ಲಿ ಬಿರುಕು ಮೂಡಿಸುವವನು ಮುಂಚೂಣಿಯ ಆಟಗಾರ.

ಹಿಂದೆ ಹಾಕಿಯನ್ನು ಹುಲ್ಲಿನ ನೆಲದ ಮೇಲೆ ಆಡುತ್ತಿದ್ದರು. ಚೆಂಡು ಪುಟಿಯುತ್ತ, ತಡೆಯುತ್ತ ಸಾಗುವ ಆ ನೆಲದಲ್ಲಿ ಕೋಲಿನ ಕೈಚಳಕವೇ ಪ್ರಧಾನವಾಗಿತ್ತು. ಅದರಲ್ಲಿ ಭಾರತೀಯರಿಗೆ ಸಾಟಿ ಇರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಹಾಸು ಬಂದಿತು. ನುಣುಪಾದ ಈ ಹಾಸಿನ ಮೇಲೆ ಚೆಂಡು ಬಾಣದಂತೆ ಸಾಗುತ್ತದೆ. ಕಸುವು, ಓಟ, ಉಸಿರಿನ ಬಲ ಇವು ಮುಖ್ಯವಾದುವು. ಯುರೋಪಿನ ದೇಶಗಳೂ ಆಸ್ಟ್ರೇಲಿಯಾವೂ ಈ ಮಾರ್ಪಾಡಿಗೆ ಬೇಗ ಹೊಂದಿಕೊಂಡವು; ಭಾರತ ಹಿಂದುಳಿಯಿತು. ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನದ ಪದಕಗಳನ್ನು ಗೆದ್ದ ದೇಶಕ್ಕೆ 1980ರ ನಂತರ ದಶಕಗಳ ಕಾಲ ಒಂದು ಕಂಚೂ ದೊರೆಯಲಿಲ್ಲ. ಸುನಿಲ್ ಅವರು ರಾಷ್ಟ್ರೀಯ ತಂಡವನ್ನು ಸೇರಿದ್ದು ಇಂಥ ಇಳಿಗಾಲದಲ್ಲಿ.

2007ರಲ್ಲಿ ಚೆನ್ನೈಯಲ್ಲಿ ಏಷ್ಯಾ ಕಪ್ ಪಂದ್ಯಾವಳಿ ನಡೆಯಿತು. ಹದಿನೆಂಟರ ಹರೆಯದ ಸುನಿಲ್ ಅಲ್ಲಿ ಭಾರತದ ಪರವಾಗಿ ಕಣಕ್ಕಿಳಿದರು. ಅಂತಿಮ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7–2 ಗೋಲುಗಳಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಹರ್ಷ ಬಹುಕಾಲ ಉಳಿಯಲಿಲ್ಲ. 2008ರ ಮಾರ್ಚ್ ತಿಂಗಳಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ನಡೆದ ಅರ್ಹತಾ ಪಂದ್ಯಾವಳಿಯಲ್ಲಿ ಭಾರತ ಬ್ರಿಟನ್ನಿಗೆ ಮಣಿಯಿತು. 1928ರಿಂದ ತಪ್ಪದೆ ಒಲಿಂಪಿಕ್ಸ್‌ನಲ್ಲಿ ಆಡಿದ್ದ ಭಾರತದ ಹಾಕಿ ತಂಡಕ್ಕೆ ಬೀಜಿಂಗಿನ ಬಾಗಿಲು ಮುಚ್ಚಿತು. ದೇಶದ ಹಾಕಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದುದಿಲ್ಲ.

2009ರಲ್ಲಿ ಸುನಿಲ್ ಅವರ ಬಾಳಿನಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. ಮಲೇಷ್ಯಾದಲ್ಲಿ ಅಜ್ಲಾನ್ ಷಾ ಕಪ್ ಪಂದ್ಯಾವಳಿ ನಡೆಯುತ್ತಿತ್ತು. ತಂಡದೊಡನೆ ಅಲ್ಲಿಗೆ ತೆರಳಿದ್ದ ಸುನಿಲ್ ಅವರಿಗೆ ತಂದೆ ವಿಠಲಾಚಾರ್ಯರು ತೀರಿಕೊಂಡರೆಂಬ ಸುದ್ದಿ ತಲುಪಿತು. ಆಗ ಅವರ ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಗನಾದವನು ಇಂಥ ವೇಳೆಯಲ್ಲಿ ಊರಿಗೆ ಧಾವಿಸುವುದು ಲೋಕರೂಢಿ. ಹಾಗೆ ಮಾಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಸುನಿಲ್ ತಂಡದೊಡನೆ ಉಳಿದರು, ಆಡಿದರು. ಅಂತಿಮ ಪಂದ್ಯದಲ್ಲಿ ಆತಿಥೇಯ ಮಲೇಷ್ಯಾವನ್ನು 3–1ರಿಂದ ಮಣಿಸಿ ಭಾರತ ಕಪ್ಪನ್ನು ಗೆದ್ದಿತು. ಅವರ ಆ ನಿರ್ಧಾರವನ್ನು ಸುಲಭವಾಗಿ ಹೊಗಳಿಬಿಡುವುದು ಸಲ್ಲದು. ಗೆಲುವಿನ ಸಂಭ್ರಮದ ನಡುವೆ ನಿಂತ ಮಗನ ಮನಸ್ಸಿನ ಭಾರವನ್ನು ಪದಕ ಇಳಿಸಲಾರದು. ಕರ್ತವ್ಯಗಳೆರಡು ಏಕಕಾಲಕ್ಕೆ ಕರೆದಾಗ ಒಂದನ್ನು ಆರಿಸಿಕೊಳ್ಳುವವನು ಇನ್ನೊಂದರ ನೋವನ್ನು ಬಾಳುದ್ದ ಹೊರಬೇಕಾಗುತ್ತದೆ. ಆ ನೋವನ್ನು ಹೊತ್ತೇ ಅವರು ಮುಂದಿನ ಓಟವನ್ನು ಓಡಿದರು.

2012ರ ಲಂಡನ್ ಒಲಿಂಪಿಕ್ಸ್‌ಗೆ ಭಾರತ ಮತ್ತೆ ಅರ್ಹತೆ ಪಡೆಯಿತು. ಆ ತಂಡದಲ್ಲಿ ಸುನಿಲ್ ಅವರ ಜತೆಗೆ ಕೊಡಗಿನವರೇ ಆದ ವಿ. ಆರ್. ರಘುನಾಥ್ ಮತ್ತು ಎಸ್. ಕೆ. ಉತ್ತಪ್ಪ ಇದ್ದರು. ಆದರೆ ಫಲ ಅತ್ಯಂತ ಕಹಿಯಾಗಿತ್ತು. ಭಾರತ ಆಡಿದ ಎಲ್ಲ ಪಂದ್ಯಗಳಲ್ಲಿಯೂ ಸೋತು, ಹನ್ನೆರಡು ತಂಡಗಳ ಪೈಕಿ ಹನ್ನೆರಡನೆಯ ಸ್ಥಾನಕ್ಕೆ ಇಳಿಯಿತು. ಧ್ಯಾನ್‌ಚಂದರ ನಾಡು ಪಟ್ಟಿಯ ಕೊನೆಯಲ್ಲಿ ನಿಂತಿತ್ತು. ಇಂಥ ಸೋಲಿನ ನಂತರ ಆಟವನ್ನೇ ತೊರೆಯುವವರುಂಟು. ಆ ಕೊನೆಯ ಸ್ಥಾನದಿಂದ ತಂಡವನ್ನು ಮೇಲೆತ್ತಲು ದುಡಿದವರ ಸಾಲಿನಲ್ಲಿ ಸುನಿಲ್ ಮುಂದೆ ನಿಂತರು.

2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾಯಿತು. ಹೊರದೇಶಗಳ ಶ್ರೇಷ್ಠ ಆಟಗಾರರ ಜತೆಯಲ್ಲಿಯೂ ಎದುರಿನಲ್ಲಿಯೂ ಆಡುವ ಅವಕಾಶ ಭಾರತೀಯರಿಗೆ ದೊರೆಯಿತು. ಹಾಕಿ ಕೋಲನ್ನೇ ನೆಚ್ಚಿ ಬಾಳಬಹುದೆಂಬ ಭರವಸೆಯೂ ಮೂಡಿತು. ಸುನಿಲ್ ಅವರು ಪಂಜಾಬ್ ವಾರಿಯರ್ಸ್ ತಂಡದಲ್ಲಿ ಆಡಿದರು. 2016ರಲ್ಲಿ ಆ ತಂಡ ಲೀಗಿನ ವಿಜೇತವಾಯಿತು. 2014ರಲ್ಲಿ ಅಂತರರಾಷ್ಟ್ರೀಯ ಹಾಕಿಯ ಕಾಲಾವಧಿಯೂ ಬದಲಾಯಿತು. 35 ನಿಮಿಷಗಳ ಎರಡು ಅವಧಿಗಳ ಬದಲು 15 ನಿಮಿಷಗಳ ನಾಲ್ಕು ಅವಧಿಗಳು ಜಾರಿಗೆ ಬಂದವು. ಆಟ ಇನ್ನಷ್ಟು ಬಿರುಸಾಯಿತು. ಸುನಿಲ್ ಅವರ ಮಿಂಚಿನ ಓಟಕ್ಕೆ ಇದು ತಕ್ಕ ಕಾಲವಾಯಿತು.

ಆ ವರ್ಷದ ಏಷ್ಯನ್ ಕ್ರೀಡಾಕೂಟ ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ ನಡೆಯಿತು. ಅಕ್ಟೋಬರ್ 2ರಂದು ಅಂತಿಮ ಪಂದ್ಯದಲ್ಲಿ ಭಾರತಕ್ಕೆ ಎದುರಾದದ್ದು ಪಾಕಿಸ್ತಾನ. ಮೊದಲ ಗೋಲು ಪಾಕಿಸ್ತಾನದ್ದು. ಕೋಥಾಜಿತ್ ಸಿಂಗ್ ಅವರ ಗೋಲಿನಿಂದ ಭಾರತ ಸಮಬಲ ಸಾಧಿಸಿತು. ನಿಗದಿತ ಅವಧಿ 1–1ರಲ್ಲಿ ಮುಗಿದಾಗ ಪೆನಾಲ್ಟಿ ಶೂಟೌಟಿನಲ್ಲಿ 4–2ರಿಂದ ಭಾರತ ಗೆದ್ದಿತು. 1998ರ ನಂತರ, ಹದಿನಾರು ವರ್ಷಗಳ ಮೇಲೆ ದೊರೆತ ಚಿನ್ನ ಅದು. ಅದರೊಡನೆ ರಿಯೋ ಒಲಿಂಪಿಕ್ಸ್‌ಗೆ ನೇರ ಪ್ರವೇಶವೂ ದೊರೆಯಿತು. ಅದೇ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ತಂಡ ಬೆಳ್ಳಿ ಗೆದ್ದಿತ್ತು. 2015ರಲ್ಲಿ ರಾಯಪುರದಲ್ಲಿ ನಡೆದ ವಿಶ್ವ ಹಾಕಿ ಲೀಗಿನ ಅಂತಿಮ ಸುತ್ತಿನಲ್ಲಿ ಕಂಚು, 2016ರಲ್ಲಿ ಲಂಡನ್ನಿನ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ ದೊರೆತವು. ಯಾವ ನಗರದಲ್ಲಿ ನಾಲ್ಕು ವರ್ಷಗಳ ಹಿಂದೆ ತಂಡ ಕಟ್ಟಕಡೆಯದಾಗಿತ್ತೋ ಅದೇ ನಗರದಲ್ಲಿ ಅದು ಈಗ ಅಂತಿಮ ಪಂದ್ಯದವರೆಗೆ ಏರಿತ್ತು.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪಿ. ಆರ್. ಶ್ರೀಜೇಶ್ ನಾಯಕರು, ಸುನಿಲ್ ಉಪನಾಯಕರು. ಹದಿನಾರು ಮಂದಿಯ ಆ ತಂಡದಲ್ಲಿ ಕೊಡಗಿನವರೇ ನಾಲ್ವರು: ಸುನಿಲ್, ರಘುನಾಥ್, ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ. ಭಾರತ ಎಂಟರ ಘಟ್ಟವನ್ನು ತಲುಪಿ ಬೆಲ್ಜಿಯಂಗೆ 1–3ರಿಂದ ಸೋತಿತು. ಪದಕ ಕೈಗೆಟುಕಲಿಲ್ಲ, ಆದರೆ ಲಂಡನ್ನಿನ ಅವಮಾನ ಅಳಿದಿತ್ತು. ಏಷ್ಯಾ ಹಾಕಿ ಒಕ್ಕೂಟ 2016ನೆಯ ವರ್ಷದ ಶ್ರೇಷ್ಠ ಆಟಗಾರನೆಂದು ಸುನಿಲ್ ಅವರನ್ನು ಆರಿಸಿತು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಅರ್ಜುನ ಪ್ರಶಸ್ತಿ ನೀಡಿ ಗೌರವಿಸಿತು. ಅದೇ ವರ್ಷ ಢಾಕಾದಲ್ಲಿ ಮಲೇಷ್ಯಾವನ್ನು ಮಣಿಸಿ ಭಾರತ ಏಷ್ಯಾ ಕಪ್ ಗೆದ್ದಾಗ, ಚೆನ್ನೈಯ ಗೆಲುವಿನ ಹತ್ತು ವರ್ಷಗಳ ಮೇಲೆ ಅದೇ ಕಪ್ಪನ್ನು ಮತ್ತೊಮ್ಮೆ ಗೆದ್ದ ಸಂತೋಷ ಅವರದಾಯಿತು.

ಸುನಿಲ್ ಅವರ ಆಟದ ಮಹತ್ತ್ವವನ್ನು ಅಂಕಿಗಳಿಂದಲೇ ಅಳೆಯುವವರಿಗೆ ಒಂದು ಸಂದೇಹ ಮೂಡಬಹುದು. 2021ರಲ್ಲಿ ನಿವೃತ್ತಿ ಘೋಷಿಸುವ ವೇಳೆಗೆ ಅವರು ಆಡಿದ ಅಂತರರಾಷ್ಟ್ರೀಯ ಪಂದ್ಯಗಳು 264. ಗಳಿಸಿದ ಗೋಲುಗಳು 72. ಎಂದರೆ ಸರಿಸುಮಾರು ನಾಲ್ಕು ಪಂದ್ಯಗಳಿಗೊಂದು ಗೋಲು. ಮುಂಚೂಣಿಯ ಆಟಗಾರನಿಗೆ ಇದು ಸಾಕೇ? ಈ ಪ್ರಶ್ನೆಗೆ ಉತ್ತರ ಆಟದ ಒಳಗಿದೆ. ದಾಳಿಯ ಆಟಗಾರ ವೃತ್ತವನ್ನು ಹೊಕ್ಕಾಗ ಎದುರಾಳಿ ನಿಯಮ ಮೀರಿ ತಡೆದರೆ ಪೆನಾಲ್ಟಿ ಕಾರ್ನರ್ ದೊರೆಯುತ್ತದೆ. ಆಗ ಮುಂದೆ ಬಂದು ಚೆಂಡನ್ನು ಗೋಲಿಗೆ ಚಿಮ್ಮಿಸುವವನು ಆ ಕಲೆಯಲ್ಲಿ ನಿಪುಣನಾದ ಬೇರೊಬ್ಬ ಆಟಗಾರ. ಭಾರತ ತಂಡದಲ್ಲಿ ರಘುನಾಥ್, ರೂಪಿಂದರ್ ಪಾಲ್ ಸಿಂಗ್ ಮೊದಲಾದವರು ಈ ಕಾರ್ಯಕ್ಕೆ ಹೆಸರಾಗಿದ್ದರು. ಗೋಲು ಅವರ ಲೆಕ್ಕಕ್ಕೆ ಸೇರುತ್ತದೆ. ಪ್ರಾಣವನ್ನು ಪಣಕ್ಕಿಟ್ಟವನಂತೆ ಓಡಿ, ಕೋಲುಗಳ ನಡುವೆ ನುಗ್ಗಿ, ಆ ಅವಕಾಶವನ್ನು ದೊರಕಿಸಿಕೊಟ್ಟವನ ಹೆಸರು ಗೋಲುಗಳ ಪಟ್ಟಿಯಲ್ಲಿ ಇರುವುದಿಲ್ಲ.

ಸುನಿಲ್ ಅವರ ನೆಲೆ ಸಾಮಾನ್ಯವಾಗಿ ಅಂಗಣದ ಬಲಪಾರ್ಶ್ವ. ಗೆರೆಯ ಅಂಚಿನಲ್ಲಿಯೇ ಚೆಂಡನ್ನು ಕೊಂಡೊಯ್ದು, ಎದುರಾಳಿಯನ್ನು ಓಟದಲ್ಲಿ ಹಿಂದಿಕ್ಕಿ, ಗೋಲಿನ ಮುಂದೆ ಕಾದಿರುವ ಜತೆಗಾರನಿಗೆ ಒಪ್ಪಿಸುವುದು ಅವರ ಆಟದ ರೀತಿ. ಅವರೊಬ್ಬರನ್ನು ತಡೆಯಲು ಇಬ್ಬರು ರಕ್ಷಕರು ಸರಿದರೆ ಬೇರೊಂದು ಕಡೆ ಜಾಗ ತೆರವಾಗುತ್ತದೆ. ಚೆಂಡು ತಮ್ಮ ಬಳಿಗೆ ಬಾರದಿದ್ದರೂ ಇಂಥ ಓಟವನ್ನು ಮತ್ತೆ ಮತ್ತೆ ಓಡಬೇಕು. ಗದ್ದೆಗೆ ನೀರು ತಿರುಗಿಸಿದವನ ಹೆಸರನ್ನು ತೆನೆ ಹೇಳುವುದಿಲ್ಲ. ಆದರೆ ನೀರಿಲ್ಲದೆ ತೆನೆಯಿಲ್ಲ. ತಂಡದ ಆಟದಲ್ಲಿ ಇಂಥ ದುಡಿಮೆಯ ಬೆಲೆಯನ್ನು ಬಲ್ಲವರು ಜತೆಗಾರರು ಮತ್ತು ಎದುರಾಳಿಗಳು.

2018ರಲ್ಲಿ ಬ್ರೆಡಾದ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ, ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕಂಚು ಇವುಗಳಲ್ಲಿ ಸುನಿಲ್ ಪಾಲುಗಾರರಾದರು. ಅದೇ ವರ್ಷದ ಕೊನೆಗೆ ವಿಶ್ವಕಪ್ ಭುವನೇಶ್ವರದಲ್ಲಿ ನಡೆಯಲಿತ್ತು. ತವರು ನೆಲದಲ್ಲಿ ವಿಶ್ವಕಪ್ ಆಡುವುದು ಆಟಗಾರನ ಬಾಳಿನ ಹೆಬ್ಬಯಕೆ. ಆದರೆ ಮೊಣಕಾಲಿನ ಗಾಯ ಅವರನ್ನು ಹೊರಗುಳಿಸಿತು. ಮೂವತ್ತರ ಸಮೀಪದಲ್ಲಿದ್ದ, ಓಟವನ್ನೇ ಬಂಡವಾಳವಾಗಿ ಹೊಂದಿದ್ದ ಆಟಗಾರನಿಗೆ ಮೊಣಕಾಲು ಕೈಕೊಟ್ಟರೆ ಮುಂದೇನು? ಸುನಿಲ್ ಚಿಕಿತ್ಸೆ ಪಡೆದು ತಾಳ್ಮೆಯಿಂದ ಅಭ್ಯಾಸ ಮಾಡಿ ಮತ್ತೆ ತಂಡಕ್ಕೆ ಮರಳಿದರು. ಮುಂದಿನ ಗುರಿ ಟೋಕಿಯೋ ಒಲಿಂಪಿಕ್ಸ್.

ಮಹಾಮಾರಿಯ ಕಾರಣ ಆ ಕ್ರೀಡಾಕೂಟ ಒಂದು ವರ್ಷ ಮುಂದಕ್ಕೆ ಹೋಗಿ 2021ರಲ್ಲಿ ನಡೆಯಿತು. ತಂಡದ ಪಟ್ಟಿಯಲ್ಲಿ ಸುನಿಲ್ ಅವರ ಹೆಸರಿರಲಿಲ್ಲ. ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಿತು. ನಲವತ್ತೊಂದು ವರ್ಷಗಳ ಬರ ನೀಗಿತು; ದೇಶವೇ ಹಿಗ್ಗಿತು. ಶ್ರೀಜೇಶ್, ಮನ್‌ಪ್ರೀತ್, ಲಾಕ್ರಾ ಮೊದಲಾದ ಹಳೆಯ ಜತೆಗಾರರು ಪದಕ ಧರಿಸಿ ನಿಂತಾಗ, ಅವರೊಡನೆ ಹನ್ನೆರಡನೆಯ ಸ್ಥಾನದ ಕಹಿಯನ್ನೂ ಮೇಲೇರಿದ ದಿನಗಳ ಶ್ರಮವನ್ನೂ ಹಂಚಿಕೊಂಡಿದ್ದ ಸುನಿಲ್ ಆ ವೇದಿಕೆಯ ಮೇಲಿರಲಿಲ್ಲ. ಕಟ್ಟಡದ ಮೇಲೆ ಕಳಸವಿಡುವ ದಿನ ತಳಪಾಯದ ಕಲ್ಲು ಕಣ್ಣಿಗೆ ಬೀಳುವುದಿಲ್ಲ. ಆದರೆ ಕಳಸ ನಿಂತಿರುವುದು ಅದರ ಮೇಲೆಯೇ.

2021ರ ಅಕ್ಟೋಬರ್ 1ರಂದು ಸುನಿಲ್ ನಿವೃತ್ತಿ ಘೋಷಿಸಿದರು. ದೇಹ ಇನ್ನೂ ಆಡಬಲ್ಲದು, ಹೃದಯವೂ ಆಡೆನ್ನುತ್ತಿದೆ, ಆದರೆ ವಿರಮಿಸುವ ಕಾಲ ಬಂದಿದೆಯೆಂದು ಬುದ್ಧಿ ಹೇಳುತ್ತಿದೆ ಎಂಬುದು ಅಂದಿನ ಅವರ ಮಾತಿನ ಸಾರ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮೂರು ವರ್ಷಕ್ಕೂ ಕಡಮೆ ಅವಧಿ ಉಳಿದಿರುವಾಗ ಹಿರಿಯರು ಕಿರಿಯರಿಗೆ ದಾರಿ ಬಿಡಬೇಕೆಂದು ಅವರು ತಿಳಿಸಿದರು. ತನಗೆ ದೊರೆಯದ ಫಲಕ್ಕಾಗಿ ಹಲುಬದೆ, ಮುಂದಿನವರಿಗೆ ದೊರೆಯಲೆಂದು ಸ್ಥಾನ ತೆರವು ಮಾಡುವುದು ಆಟದಲ್ಲಿಯೂ ಬಾಳಿನಲ್ಲಿಯೂ ಸುಲಭದ ಮಾತಲ್ಲ.

ಆದರೂ ಕರೆ ಬಂದಾಗ ಅವರು ಹಿಂಜರಿಯಲಿಲ್ಲ. 2022ರಲ್ಲಿ ಜಕಾರ್ತಾದ ಏಷ್ಯಾ ಕಪ್‌ಗೆ ಹೊಸಬರೇ ಹೆಚ್ಚಾಗಿದ್ದ ತಂಡವನ್ನು ಕಳುಹಿಸಿದಾಗ, ಬೀರೇಂದ್ರ ಲಾಕ್ರಾ ನಾಯಕರಾಗಿ, ಸುನಿಲ್ ಉಪನಾಯಕರಾಗಿ ಮರಳಿ ಬಂದರು. ಜಪಾನನ್ನು 1–0ಯಿಂದ ಸೋಲಿಸಿ ಆ ತಂಡ ಕಂಚು ಗೆದ್ದಿತು. ಚೆನ್ನೈಯಲ್ಲಿ ಹಿರಿಯರ ನಡುವೆ ಕಿರಿಯನಾಗಿ ಆರಂಭವಾದ ಪಯಣ, ಕಿರಿಯರ ನಡುವೆ ಹಿರಿಯನಾಗಿ ಮುಂದುವರಿದಂತಾಯಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಭಾರತ ಸ್ಪೇನನ್ನು 2–1ರಿಂದ ಮಣಿಸಿ ಸತತ ಎರಡನೆಯ ಒಲಿಂಪಿಕ್ ಕಂಚನ್ನು ಪಡೆಯಿತು.

ಕೊಡ್ಲಿಪೇಟೆಯಿಂದ ಸೋಮವಾರಪೇಟೆಯವರೆಗಿನ ಸೀಮೆಯ ಮಕ್ಕಳಿಗೆ ಸುನಿಲ್ ಅವರ ಬಾಳು ದೂರದ ಕಥೆಯಲ್ಲ. ತಮ್ಮ ನೆಲದಲ್ಲಿಯೇ ನಡೆದ ಸಂಗತಿ. ಒಲಿಂಪಿಕ್ ಪದಕವಿಲ್ಲದ ಆ ಬಾಳು ಸಣ್ಣದಾಗಲಿಲ್ಲ. ಬಿದಿರಿನ ಕೋಲು ಹಿಡಿದ ಕೈ ದೇಶದ ಧ್ವಜದ ಕೆಳಗೆ 264ಕ್ಕೂ ಹೆಚ್ಚು ಬಾರಿ ಹಾಕಿ ಕೋಲನ್ನು ಹಿಡಿಯಿತು. ಸೋತ ತಂಡದೊಡನೆ ನಿಂತು, ಗೆಲ್ಲುವ ತಂಡವನ್ನು ಕಟ್ಟಿ, ಬಳಿಕ ಬದಿಗೆ ಸರಿದು ನಿಂತವರನ್ನು ನೆನೆಯುವುದು ಗೆಲುವಿನ ಫಲವನ್ನು ಉಂಡವರ ಋಣ.

ಶಬ್ದಾರ್ಥ

ಎಳವೆ – ಬಾಲ್ಯ. ಕಸುವು – ಶಕ್ತಿ. ಸಾಟಿ – ಸಮಾನ. ಹೆಬ್ಬಯಕೆ – ದೊಡ್ಡ ಆಸೆ. ಹಲುಬು – ದುಃಖದಿಂದ ಗೊಣಗು. ನೀಗು – ಇಲ್ಲವಾಗು. ಋಣ – ತೀರಿಸಬೇಕಾದ ಹೊಣೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸುನಿಲ್ ಅವರು ಭಾರತದ ಪರವಾಗಿ ಮೊದಲು ಆಡಿದ ಏಷ್ಯಾ ಕಪ್ ಪಂದ್ಯಾವಳಿ ಎಲ್ಲಿ ನಡೆಯಿತು?
2. ಕೃತಕ ಹುಲ್ಲಿನ ಹಾಸು ಒಲಿಂಪಿಕ್ಸ್‌ಗೆ ಯಾವ ವರ್ಷ ಬಂದಿತು?
3. ರಿಯೋ ಒಲಿಂಪಿಕ್ಸ್ ತಂಡದಲ್ಲಿದ್ದ ಕೊಡಗಿನ ಆಟಗಾರರು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೃತಕ ಹಾಸು ಬಂದ ಮೇಲೆ ಹಾಕಿ ಆಟದಲ್ಲಿ ಆದ ಬದಲಾವಣೆಗಳೇನು?
2. 2009ರಲ್ಲಿ ಸುನಿಲ್ ಅವರು ಎದುರಿಸಿದ ಪರೀಕ್ಷೆಯನ್ನು ವಿವರಿಸಿರಿ. ಅದನ್ನು ಸುಲಭವಾಗಿ ಹೊಗಳಿಬಿಡುವುದು ಸಲ್ಲದೆಂದು ಪಾಠ ಹೇಳುವುದೇಕೆ?
3. ಗೋಲುಗಳ ಸಂಖ್ಯೆಯೊಂದರಿಂದಲೇ ಮುಂಚೂಣಿಯ ಆಟಗಾರನನ್ನು ಅಳೆಯಲಾಗದು ಏಕೆ?

ಇ) ಸಂದರ್ಭ ಸಹಿತ ವಿವರಿಸಿರಿ.
1. "ಗದ್ದೆಗೆ ನೀರು ತಿರುಗಿಸಿದವನ ಹೆಸರನ್ನು ತೆನೆ ಹೇಳುವುದಿಲ್ಲ."
2. "ಕಟ್ಟಡದ ಮೇಲೆ ಕಳಸವಿಡುವ ದಿನ ತಳಪಾಯದ ಕಲ್ಲು ಕಣ್ಣಿಗೆ ಬೀಳುವುದಿಲ್ಲ."

ಈ) ನಿಮ್ಮ ಊರಿನಲ್ಲಿ ಹೆಸರಿಗೆ ಆಶಿಸದೆ ಇತರರ ಏಳಿಗೆಗಾಗಿ ದುಡಿದ ಒಬ್ಬರನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.